ಮೀಟರಿಗೆ ಹಸಿವಿಲ್ಲ: ಕ್ಯಾರವಾನಿನ ಚಾವಣಿ ಫ್ಯಾನು ನಿಂತಾಗ

ಮಾಜಾಳಿಯ ತೆಂಗಿನ ತೋಟವೊಂದರಲ್ಲಿ ನನ್ನ ಭಾವನ ಕ್ಯಾರವಾನ್ ನಿಂತಿದೆ. ಕಾರಿನ ಹಿಂದೆ ಕೊಕ್ಕೆಗೆ ಸಿಕ್ಕಿಸಿ ಎಳೆದೊಯ್ಯುವ ಜಾತಿಯದು. ಎರಡು ಮಂಚ, ಒಂದು ಒಲೆ, ಚಾವಣಿಯಲ್ಲಿ 14 ಇಂಚಿನ ಚೌಕ ಕಿಂಡಿ, ಆ ಕಿಂಡಿಯಲ್ಲಿ ಒಳಗಿನ ಬಿಸಿಗಾಳಿಯನ್ನು ಹೊರಗೆ ದೂಡುವ ಫ್ಯಾನು. ಕಾರವಾರದ ಮೇ ತಿಂಗಳನ್ನು ಕಂಡವರಿಗೆ ಆ ಫ್ಯಾನಿನ ಬೆಲೆ ಗೊತ್ತು. ಇಲ್ಲಿ ಬಿಸಿಲಿಗಿಂತ ಸೆಕೆ ದೊಡ್ಡದು. ಒಳಗೆ ಎರಡು ಲೋಟ ಚಹಾ ಕಾಸಿದರೆ ಸಾಕು, ಗೋಡೆ ಬೆವರುತ್ತದೆ.

ಆ ಫ್ಯಾನು ಒಂದು ದಿನ ನಿಂತಿತು. ಭಾವ ಶಿರಸಿಯಲ್ಲಿರುವ ನನಗೆ ಫೋನ್ ಮಾಡಿದ. "ವೋಲ್ಟ್ ಅಳೆಯುವ ಮೀಟರ್ ಹಿಡಿದು ನೋಡಿದ್ದೇನೆ. ಫ್ಯಾನಿನ ಬುಡದಲ್ಲಿ ಸರಿಯಾಗಿ 12.6 ವೋಲ್ಟ್ ಇದೆ. ವೈರಿಂಗಿನಲ್ಲಿ ದೋಷವಿಲ್ಲ, ಫ್ಯಾನೇ ಸತ್ತಿದೆ. ಹೊಸದು ತರಿಸುತ್ತೇನೆ" ಎಂದ. ಎರಡು ದಿನ ತಡೆ ಎಂದು ಹೇಳಿ, ಉಪಕರಣದ ಚೀಲ ಹಿಡಿದು ದೇವಿಮನೆ ಘಟ್ಟ ಇಳಿದೆ. ಅವನ ಮಾತಿನಲ್ಲಿ ಅಂಕಿ ಸರಿಯಿತ್ತು, ತೀರ್ಮಾನ ತಪ್ಪಿತ್ತು. ಈ ತಪ್ಪನ್ನು ನಾನೂ ಮಾಡಿದ್ದೇನೆ. ಒಮ್ಮೆ ಚೆನ್ನಾಗಿದ್ದ ಪಂಪಿನ ಮೋಟಾರನ್ನು ಗುಜರಿಗೆ ಹಾಕಿದ್ದೇನೆ.

ಮೊದಲು ದಾರಿಯನ್ನು ತಿಳಿದುಕೊಳ್ಳೋಣ. ಕ್ಯಾರವಾನಿನಲ್ಲಿ ಎರಡು ಸಂಸಾರ. ಹೊರಗಿನ ಪ್ಲಗ್ಗಿನಿಂದ ಬರುವ 230 ವೋಲ್ಟ್ ಒಂದು, ಬ್ಯಾಟರಿಯ 12 ವೋಲ್ಟ್ ಇನ್ನೊಂದು. ಚಾವಣಿ ಫ್ಯಾನು ಎರಡನೆಯದರ ಕೂಸು. ಬ್ಯಾಟರಿಯ ಪ್ಲಸ್ಸಿನಿಂದ ಹೊರಟ ಕರೆಂಟು ಫ್ಯೂಸು ದಾಟಿ, ಗೋಡೆಯೊಳಗಿನ ತಂತಿಯಲ್ಲಿ ಚಾವಣಿಗೆ ಹತ್ತಿ, ಸ್ವಿಚ್ಚಿನ ಮೂಲಕ ಮೋಟಾರನ್ನು ಹೊಕ್ಕು, ಮೈನಸ್ ತಂತಿಯಲ್ಲಿ ಬ್ಯಾಟರಿಗೆ ಮರಳಬೇಕು. ಹೋಗುವ ದಾರಿಯನ್ನು ಎಲ್ಲರೂ ಪರೀಕ್ಷಿಸುತ್ತಾರೆ, ಮರಳುವ ದಾರಿಯನ್ನು ಮರೆಯುತ್ತಾರೆ. ಬಹುಪಾಲು ಫ್ಯಾನುಗಳು ಪೂರ್ತಿ ವೇಗದಲ್ಲಿ ಎರಡರಿಂದ ಮೂರು ಆಂಪಿಯರ್ ಕರೆಂಟು ಎಳೆಯುತ್ತವೆ. ದೊಡ್ಡ ಹೊರೆಯೇನಲ್ಲ. ಆದರೆ 12 ವೋಲ್ಟಿನ ಲೋಕದಲ್ಲಿ ಒಂದೊಂದು ವೋಲ್ಟೂ ಲೆಕ್ಕಕ್ಕೆ ಬರುತ್ತದೆ. ಮನೆಯ 230ರಲ್ಲಿ ಮೂರು ವೋಲ್ಟ್ ಕಳೆದುಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಅದೇ ಮೂರು ವೋಲ್ಟ್ ಎಂದರೆ ನಾಲ್ಕನೇ ಒಂದು ಪಾಲು.

ಇನ್ನು ಮೀಟರ್ ಏಕೆ ಮೋಸ ಮಾಡಿತು? ನಮ್ಮ ಶಿರಸಿಯ ಕಡೆ ಎಷ್ಟೋ ಮನೆಗಳಿಗೆ ಅಬ್ಬಿ ನೀರು ಬರುತ್ತದೆ. ಬೆಟ್ಟದ ಮೇಲಿನ ಒರತೆಯಿಂದ ಕಪ್ಪು ಪೈಪು ಎಳೆದಿರುತ್ತಾರೆ, ಪಂಪು ಬೇಕಿಲ್ಲ. ಆ ಪೈಪಿನೊಳಗೆ ಎಲ್ಲೋ ಬೇರು ಹೊಕ್ಕು ಮುಕ್ಕಾಲು ಪಾಲು ಮುಚ್ಚಿದೆ ಎಂದುಕೊಳ್ಳಿ. ಅಂಗಳದ ನಲ್ಲಿ ಬಂದಾಗಿರುವಾಗ ನೀರು ಹರಿಯುವುದಿಲ್ಲ, ಹಾಗಾಗಿ ಬೇರಿಗೆ ಅಡ್ಡಿಪಡಿಸಲು ಏನೂ ಇಲ್ಲ. ನಲ್ಲಿಯ ಬಾಯಲ್ಲಿ ಒತ್ತಡ ಅಳೆದರೆ ಬೆಟ್ಟದ ಎತ್ತರದ ಪೂರ್ತಿ ಒತ್ತಡವೇ ಸಿಗುತ್ತದೆ. ನಲ್ಲಿ ತಿರುಗಿಸಿದಾಗ ಮಾತ್ರ ಗುಟ್ಟು ರಟ್ಟು: ಮೊದಲು ಒಂದು ಚಿಮ್ಮು, ಆಮೇಲೆ ಬೆರಳು ಗಾತ್ರದ ಧಾರೆ, ಕೊನೆಗೆ ತೊಟ್ಟು.

ಭಾವ ಮಾಡಿದ್ದು ನಲ್ಲಿ ಮುಚ್ಚಿಟ್ಟು ಒತ್ತಡ ಅಳೆಯುವ ಕೆಲಸ. ಫ್ಯಾನಿನ ತಂತಿಗಳನ್ನು ಕಳಚಿ, ಆ ತುದಿಗಳಿಗೆ ಮೀಟರ್ ಹಿಡಿದಿದ್ದ. ಡಿಜಿಟಲ್ ಮೀಟರಿನ ಒಳರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಹತ್ತು ಲಕ್ಷ ಓಮ್ ಅಥವಾ ಅದಕ್ಕೂ ಹೆಚ್ಚು. ಅದು ತನಗಾಗಿ ಎಳೆಯುವುದು ಒಂದು ಆಂಪಿಯರ್‌ನ ಲಕ್ಷದಲ್ಲಿ ಒಂದೆರಡು ಪಾಲು. ಅಷ್ಟು ಕರೆಂಟನ್ನು ದಾಟಿಸಲು ತಂತಿಗಳು ಸೇರುವ ಕೊಳೆತ ಜಾಯಿಂಟಿನ ಒಂದೇ ಒಂದು ಎಳೆ ಸಾಕು. ಫ್ಯಾನು ಮೂರು ಆಂಪಿಯರ್ ಕೇಳಿದಾಗ ಅದೇ ಎಳೆ ಕೈಚೆಲ್ಲುತ್ತದೆ.

ಲೆಕ್ಕವನ್ನು ಒಮ್ಮೆ ಮಾಡಿ ನೋಡಿ. ಜಾಯಿಂಟಿನಲ್ಲಿ ಒಂದು ಓಮ್ ರೋಧ ಹುಟ್ಟಿದೆ. ಮೂರು ಆಂಪಿಯರ್ ಹರಿದರೆ ಅಲ್ಲಿಯೇ ಮೂರು ವೋಲ್ಟ್ ಖರ್ಚು, ಒಂಬತ್ತು ವ್ಯಾಟ್ ಬಿಸಿ. ಫ್ಯಾನಿಗೆ ಉಳಿದದ್ದು 9.6. ಮೋಟಾರ್ ನಿಧಾನವಾದಂತೆ ಕರೆಂಟೂ ಇಳಿಯುವುದರಿಂದ ಇದು ಅಂದಾಜಿನ ಲೆಕ್ಕ, ಆದರೂ ನಡೆಯುವ ಸಂಗತಿ ಇದೇ. ರೋಧ ಹತ್ತು ಓಮ್ ಆದರೆ ರೆಕ್ಕೆ ಅಲುಗುವುದೂ ಇಲ್ಲ. ಎರಡೂ ಸಂದರ್ಭಗಳಲ್ಲಿ ಕಳಚಿದ ತಂತಿಯ ತುದಿಯಲ್ಲಿ ಮೀಟರ್ ತೋರಿಸುವುದು 12.6.

ಕಾರವಾರದ ಬೈತಖೋಲ ಬಂದರಿನಲ್ಲಿ ಟ್ರಾಲರ್ ದೋಣಿಗಳ ವೈರಿಂಗ್ ಮಾಡುವ ಒಬ್ಬರಿದ್ದಾರೆ. ಉಪ್ಪುಗಾಳಿಯಲ್ಲೇ ಬದುಕು ಕಳೆದವರು. ಅವರ ಅಂಗಿಯ ಜೇಬಿನಲ್ಲಿ ಸದಾ ಒಂದು ಬಲ್ಬು ಇರುತ್ತದೆ: ಸ್ಕೂಟರಿನ ಇಂಡಿಕೇಟರಿನ 12 ವೋಲ್ಟ್, 21 ವ್ಯಾಟಿನ ಹಳದಿ ಬಲ್ಬು, ಅದರ ಬುಡಕ್ಕೆ ಬೆಸುಗೆ ಹಾಕಿದ ಎರಡು ತಂತಿ, ತಂತಿಗಳ ತುದಿಗೆ ಹಲ್ಲಿನ ಕ್ಲಿಪ್ಪು. ಹಲವು ವರ್ಷಗಳ ಹಿಂದೆ ನಾನು ಹೊಸ ಮೀಟರನ್ನು ಹೆಮ್ಮೆಯಿಂದ ತೋರಿಸಿದಾಗ ಅವರು ಹೇಳಿದ್ದು ಇಷ್ಟೇ: "ಮೀಟರಿಗೆ ಹಸಿವಿಲ್ಲ ಮಾರಾಯರೇ. ಹಸಿದವನನ್ನು ಎಲೆಯ ಮುಂದೆ ಕೂರಿಸಿ, ಅಡುಗೆ ಎಷ್ಟಿದೆ ಎಂದು ಆಗ ಗೊತ್ತಾಗುತ್ತದೆ."

ಆ ಬಲ್ಬು 1.75 ಆಂಪಿಯರ್ ಎಳೆಯುತ್ತದೆ, ಹೆಚ್ಚುಕಡಿಮೆ ಫ್ಯಾನಿನಷ್ಟೇ ಹಸಿವು. ಫ್ಯಾನಿನ ಜಾಗದಲ್ಲಿ ಅದನ್ನು ಜೋಡಿಸಿ. ಭರ್ತಿ ಉರಿದರೆ ವೈರಿಂಗ್ ನಿರ್ದೋಷಿ, ದೋಷ ಫ್ಯಾನಿನೊಳಗೆ. ಮಂಕಾಗಿ ಉರಿದರೆ ಫ್ಯಾನಿನ ತಂಟೆಗೇ ಹೋಗಬೇಡಿ. ಬಲ್ಬು ಉರಿಯುತ್ತಿರುವಾಗ ಅದರ ಎರಡು ತುದಿಗಳಿಗೆ ಮೀಟರ್ ಹಿಡಿದರಂತೂ ಇನ್ನೂ ಖಚಿತ. 1.5 ಚದರ ಮಿಲಿಮೀಟರಿನ ತಾಮ್ರದ ತಂತಿ, ಬ್ಯಾಟರಿಯಿಂದ ಫ್ಯಾನಿಗೆ ಐದು ಮೀಟರ್ ದೂರ, ಹೋಗಿ ಬರಲು ಹತ್ತು ಮೀಟರ್ ಎಂದರೆ ತಂತಿಯ ರೋಧ ಸುಮಾರು 0.12 ಓಮ್. ಈ ಬಲ್ಬಿಗೆ ನಷ್ಟವಾಗಬೇಕಾದದ್ದು ಕಾಲು ವೋಲ್ಟಿನ ಒಳಗೆ. ಬ್ಯಾಟರಿಯಲ್ಲಿ 12.6 ಇದ್ದು ಇಲ್ಲಿ 12.3 ಬಂದರೆ ಸಂತೋಷ. 11.5ಕ್ಕಿಂತ ಕೆಳಗಿದ್ದರೆ ನಡುವೆ ಯಾರೋ ಪಾಲು ಹೊಡೆಯುತ್ತಿದ್ದಾರೆ.

ಮಾಜಾಳಿಯಲ್ಲಿ ಬಲ್ಬು ಜೋಡಿಸಿದಾಗ ಒಳಗಿನ ಎಳೆ ಆರುತ್ತಿರುವ ಬೀಡಿಯ ತುದಿಯಂತೆ ಕೆಂಪಗಾಯಿತು, ಅಷ್ಟೇ. ಮೀಟರ್ 12.6ರಿಂದ ಸರ್ರನೆ 3ಕ್ಕೆ ಇಳಿಯಿತು. ಭಾವ ಮೀಟರನ್ನೇ ಸಂಶಯದಿಂದ ನೋಡಿದ.

ಇಲ್ಲಿಂದ ಮುಂದಿನದು ಕಳ್ಳನನ್ನು ಹಿಡಿಯುವ ಕೆಲಸ, ಅದಕ್ಕೆ ಗೋಡೆ ಒಡೆಯಬೇಕಿಲ್ಲ. ಮೊದಲು ಪ್ಲಸ್ಸಿನ ಕಡೆಯೋ ಮೈನಸ್ಸಿನ ಕಡೆಯೋ ಎಂದು ತೀರ್ಮಾನಿಸಬೇಕು. ಒಂದು ಉದ್ದ ತಂತಿಯ ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಕಟ್ಟಿ, ಇನ್ನೊಂದು ತುದಿಯನ್ನು ಬಲ್ಬಿನ ಮೈನಸ್ಸಿಗೆ ತಾಗಿಸಿ. ಬಲ್ಬು ಥಟ್ಟನೆ ಬೆಳಗಿದರೆ ಕಳ್ಳ ಮರಳುವ ದಾರಿಯಲ್ಲಿದ್ದಾನೆ. ಬೆಳಗದಿದ್ದರೆ ಪ್ಲಸ್ಸಿನ ಕಡೆ ಇದೇ ಪರೀಕ್ಷೆ, ಆದರೆ ಆ ತಂತಿಯಲ್ಲಿ ಬ್ಯಾಟರಿಯ ಹತ್ತಿರವೇ 5 ಆಂಪಿಯರಿನ ಫ್ಯೂಸು ಇರಲೇಬೇಕು. ಬರಿಯ ಪ್ಲಸ್ ತಂತಿ ಎಲ್ಲಿಯಾದರೂ ಲೋಹಕ್ಕೆ ತಾಗಿದರೆ ಬ್ಯಾಟರಿ ಒಂದೇ ಏಟಿಗೆ ನೂರಾರು ಆಂಪಿಯರ್ ಸುರಿಯುತ್ತದೆ. 12 ವೋಲ್ಟ್ ಮೈಗೆ ಶಾಕ್ ಕೊಡುವುದಿಲ್ಲ ಎಂಬ ಧೈರ್ಯದಲ್ಲಿ ಕೈಗೆ ಉಂಗುರ ಹಾಕಿಕೊಂಡು ಸ್ಪ್ಯಾನರ್ ಹಿಡಿಯುವವರನ್ನು ಕಂಡಿದ್ದೇನೆ. ಉಂಗುರ ತೆಗೆದಿಡಿ. ಹೊರಗಿನ 230ರ ಪ್ಲಗ್ಗನ್ನು ಮೊದಲೇ ಕಿತ್ತಿಡಿ.

ನಮ್ಮಲ್ಲಿ ಮೈನಸ್ ತಂತಿ ತಾಗಿಸಿದೊಡನೆ ಬಲ್ಬು ಕಣ್ಣು ಕುಕ್ಕಿತು. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿನಲ್ಲೇ ಇರಿಸಿ, ಆ ಉದ್ದ ತಂತಿಯನ್ನು ತೆಗೆದು, ಬಲ್ಬು ಮಂಕಾಗಿ ಉರಿಯುತ್ತಿರುವಾಗಲೇ ಇನ್ನೊಂದು ಕಡ್ಡಿಯೊಂದಿಗೆ ಮೈನಸ್ ದಾರಿಯುದ್ದಕ್ಕೂ ನಡೆದೆ. ಮೈನಸ್ ತಂತಿಯಲ್ಲಿ ಎಲ್ಲಿ ಮುಟ್ಟಿದರೂ ಸೊನ್ನೆಗೆ ಹತ್ತಿರದ ಅಂಕಿ ಬರಬೇಕು. ಫ್ಯೂಸಿನ ಪೆಟ್ಟಿಗೆಯ ಪಕ್ಕದ ಹಿತ್ತಾಳೆ ಪಟ್ಟಿಯಲ್ಲಿ 0.05. ಕಪಾಟಿನ ಹಿಂದೆ 0.1. ಚಾವಣಿಯ ಫಲಕದ ಮೇಲೆ ಜಾಯಿಂಟು ದಾಟಿದ ಮೇಲೆ ಒಂಬತ್ತು ಮೀರಿತು. ಜಾಯಿಂಟಿನ ಮೇಲೆ ಬೆರಳಿಟ್ಟೆ, ಬೆಚ್ಚಗಿತ್ತು. ಫ್ಯಾನಿಗೆ ಸೇರಬೇಕಾದದ್ದು ಅಲ್ಲಿ ಬಿಸಿಯಾಗಿ ಸೋರುತ್ತಿತ್ತು.

ಅದರ ಪ್ಲಾಸ್ಟಿಕ್ ಟೋಪಿ ತೆಗೆದಾಗ ಒಳಗಿದ್ದದ್ದನ್ನು ನಮ್ಮ ಮನೆಯ ಹೆಂಗಸರು ಹೆಸರಿಟ್ಟು ಕರೆಯುತ್ತಾರೆ: ಕಿಲುಬು. ತಾಮ್ರದ ಚೊಂಬನ್ನು ಮಳೆಗಾಲದಲ್ಲಿ ಮೂಲೆಗಿಟ್ಟರೆ ಹತ್ತುವ ಅದೇ ಹಸಿರು ಹುಡಿ. ಸಮುದ್ರದ ಗಾಳಿಯ ಉಪ್ಪು, ಒಳಗಿನ ಉಸಿರು ಮತ್ತು ಅಡುಗೆಯ ತೇವ ಎರಡೂ ಚಾವಣಿಯ ಕಿಂಡಿಯ ಬಳಿಯೇ ಸೇರುತ್ತವೆ, ಏಕೆಂದರೆ ಬಿಸಿಗಾಳಿ ಅಲ್ಲಿಗೇ ಏರುವುದು. ರಾತ್ರಿ ಚಾವಣಿ ತಣಿದಾಗ ತೇವ ಹನಿಗಟ್ಟುತ್ತದೆ. ಉಪ್ಪು ಬೆರೆತ ಆ ಹನಿ ತಾಮ್ರವನ್ನು ತಿನ್ನುತ್ತದೆ. ಒಂದೇ ಮಾದರಿಯ ಕ್ಯಾರವಾನು ಶಿರಸಿಯ ಅಡಿಕೆ ತೋಟದಲ್ಲಿ ನಿಂತಿದ್ದರೆ ಬೂಸಲು ಹಿಡಿಯುತ್ತದೆ, ಮಾಜಾಳಿಯಲ್ಲಿ ಕಿಲುಬು. ಎರಡೂ ಮಳೆಗಾಲದ ಕಾಣಿಕೆ, ಫ್ಯಾನು ನಿಲ್ಲಿಸುವುದು ಎರಡನೆಯದು.

ಟೋಪಿಯ ಬಗ್ಗೆ ಒಂದು ಮಾತು. ಎರಡು ತಂತಿಗಳನ್ನು ಸೇರಿಸಿ ಮೇಲೆ ತಿರುಚುವ ಈ ಟೋಪಿಗಳು ಅಲುಗದ ಮನೆಗೆ ಒಗ್ಗುತ್ತವೆ. ಹೆದ್ದಾರಿಯಲ್ಲಿ ಕುಲುಕುತ್ತ ಹೋಗುವ ಗಾಡಿಯಲ್ಲಿ ಸಡಿಲಾಗುತ್ತವೆ. ತಂತಿಗಳನ್ನು ಹೊಸೆದು ಕಪ್ಪು ಟೇಪು ಸುತ್ತುವ ನಮ್ಮ ಊರಿನ ಪದ್ಧತಿಯೂ ಕಡಿಮೆಯೇನಲ್ಲ. ಒಂದು ಬೇಸಿಗೆಯ ಬಿಸಿಗೆ ಅಂಟು ಕರಗಿ ಟೇಪು ಬಾಲದಂತೆ ಜೋತಾಡುತ್ತದೆ. ಘಟ್ಟದ ತಿರುವಿನಲ್ಲಿ ನಿಂತು, ಸಮತಟ್ಟು ರಸ್ತೆಯಲ್ಲಿ ತಾನಾಗಿ ಶುರುವಾಗುವ ಫ್ಯಾನಿನ ಕಥೆ ಕೇಳಿದರೆ ನಾನು ಮೊದಲು ಅನುಮಾನಿಸುವುದು ಇಂಥ ಜಾಯಿಂಟನ್ನೇ.

ಭಾವ ಹುಣಸೆಹಣ್ಣು ತರಲೇ ಎಂದು ಕೇಳಿದ. ಚೊಂಬಿಗೆ ಸರಿ, ತಂತಿಗೆ ಬೇಡ. ಹುಳಿ ಕಿಲುಬನ್ನು ಕರಗಿಸುತ್ತದೆ ನಿಜ, ಆದರೆ ಚೊಂಬನ್ನು ತೊಳೆಯುವಂತೆ ತಂತಿಯ ಎಳೆಗಳ ನಡುವೆ ತೊಳೆಯಲಾಗುವುದಿಲ್ಲ. ಉಳಿದ ಹುಳಿ ಮುಂದಿನ ಕಿಲುಬಿಗೆ ಗೊಬ್ಬರ. ಕತ್ತರಿಸುವುದೊಂದೇ ಉಪಾಯ. ಬತ್ತಿ ಎಣ್ಣೆ ಎಳೆದುಕೊಳ್ಳುವಂತೆ ತಂತಿಯ ಸಣ್ಣ ಎಳೆಗಳು ನೀರನ್ನು ಪ್ಲಾಸ್ಟಿಕ್ಕಿನ ಒಳಗೆ ಎಳೆದುಕೊಂಡಿರುತ್ತವೆ. ಹಾಗಾಗಿ ಹೊರಗೆ ಹಸಿರು, ಒಂದು ಇಂಚು ಒಳಗೆ ಕಪ್ಪು. ಕಪ್ಪಾದ ತಾಮ್ರಕ್ಕೆ ಬೆಸುಗೆಯೂ ಹಿಡಿಯುವುದಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ತುಂಡು ತುಂಡಾಗಿ ಕತ್ತರಿಸುತ್ತ ಹೋಗಿ. ಒಂದು ಅಡಿ ಕತ್ತರಿಸಿದರೂ ಕಪ್ಪೇ ಇದ್ದರೆ ಆ ತಂತಿಯ ಆಸೆ ಬಿಟ್ಟು ಹೊಸದನ್ನು ಎಳೆಯಿರಿ. ನಮ್ಮ ಅದೃಷ್ಟ, ನಾಲ್ಕು ಇಂಚಿಗೆ ಬಂಗಾರದ ಬಣ್ಣ ಕಂಡಿತು. ಸೇರಿಸಲು ದೋಣಿಯವರು ಬಳಸುವ ಸಾಮಾನನ್ನೇ ತಂದಿದ್ದೆ: ತವರ ಲೇಪಿಸಿದ ತಾಮ್ರದ ತಂತಿ, ಇಕ್ಕಳದಿಂದ ಒತ್ತಿ ಬಿಗಿಸುವ ತೋಳು, ಅದರ ಮೇಲೆ ಬಿಸಿ ಕೊಟ್ಟರೆ ಕುಗ್ಗಿ ಒಳಗಿನ ಅಂಟಿನಿಂದ ಬಾಯಿ ಮುಚ್ಚಿಕೊಳ್ಳುವ ಕೊಳವೆ. ತಂತಿಯನ್ನು ಜಾಯಿಂಟಿಗೆ ಮುಂಚೆ ಒಂದು ಬಳುಕು ಕೆಳಗಿಳಿಸಿ ಮೇಲೆತ್ತಿದೆ. ಚಾವಣಿಯ ಹನಿ ತಂತಿಯ ಮೇಲೆ ಜಾರಿ ಬಂದರೆ ಆ ಬಳುಕಿನ ತಳದಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಜಾಯಿಂಟಿನವರೆಗೆ ಹತ್ತುವುದಿಲ್ಲ.

ನಿಮ್ಮ ಕ್ಯಾರವಾನಿನಲ್ಲಿ ಬಲ್ಬು ಭರ್ತಿ ಉರಿಯಿತೆನ್ನಿ. ಆಗ ಫ್ಯಾನಿನ ಸರದಿ. ತಿರುಪು ಬಿಚ್ಚುವ ಮೊದಲು ಮುಜುಗರದ ಪ್ರಶ್ನೆಗಳನ್ನು ಮುಗಿಸಿಕೊಳ್ಳಿ. ಕಿಂಡಿಯ ಮುಚ್ಚಳ ತೆರೆದಿದೆಯೇ? ಕೆಲವು ಮಾದರಿಗಳಲ್ಲಿ ಮುಚ್ಚಳ ಕೆಲವು ಇಂಚು ಮೇಲೇಳದೆ ಮೋಟಾರಿಗೆ ಕರೆಂಟು ಬಿಡದ ಸಣ್ಣ ಸ್ವಿಚ್ಚು ಇರುತ್ತದೆ. ತಾಪಮಾನ ನೋಡಿ ತಾನೇ ಶುರುವಾಗುವ ಫ್ಯಾನಾದರೆ, ಒಳಗಿನ ಸೆಕೆ ಅದಕ್ಕೆ ನಿಗದಿ ಮಾಡಿದ ಅಂಕಿ ಮುಟ್ಟುವವರೆಗೆ ಸುಮ್ಮನಿರುವುದೇ ಅದರ ಧರ್ಮ. ದೀಪ, ನೀರಿನ ಪಂಪು ಎಲ್ಲವೂ ಸತ್ತಿದ್ದರೆ ಫ್ಯಾನನ್ನು ಬಿಟ್ಟು ಬ್ಯಾಟರಿಗೆ ಹೋಗಿ. ವಿಶ್ರಾಂತಿಯಲ್ಲಿರುವ ಲೆಡ್ ಆಸಿಡ್ ಬ್ಯಾಟರಿ 12.6 ಅಥವಾ 12.7 ತೋರಿಸಿದರೆ ತುಂಬಿದೆ, 12.2 ಎಂದರೆ ಹೆಚ್ಚುಕಡಿಮೆ ಅರ್ಧ.

ಇವೆಲ್ಲ ಸರಿಯಿದ್ದರೆ ಕರೆಂಟು ತೆಗೆದು ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ. ಬಿಗಿಯಾಗಿದ್ದರೆ ತುಕ್ಕು ಹಿಡಿದ ಬುಷ್, ಅಂದರೆ ಮೋಟಾರಿನ ಅಚ್ಚು ತಿರುಗುವ ಲೋಹದ ಬಳೆ. ಸಲೀಸಾಗಿ ತಿರುಗಿ, ಕರೆಂಟು ಕೊಟ್ಟಾಗ ಬೆರಳಿನಿಂದ ಒಮ್ಮೆ ನೂಕಿದರೆ ಮಾತ್ರ ಓಡುವುದಾದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದೆ. ಗಟ್ಟಿ ವೇಗದಲ್ಲಿ ಮಾತ್ರ ಓಡಿ ಸಣ್ಣ ವೇಗಗಳಲ್ಲಿ ಸತ್ತಂತಿದ್ದರೆ, ಹಳೆಯ ಕಾರಿನ ಎಸಿ ಬ್ಲೋವರ್ ಕೊನೆಯ ನಂಬರಿನಲ್ಲಷ್ಟೇ ಊದುವ ಕಾಯಿಲೆಯೇ ಇದು: ವೇಗ ಕಡಿಮೆ ಮಾಡುವ ರೆಸಿಸ್ಟರ್ ಸುಟ್ಟಿದೆ, ಮೋಟಾರಿಗೆ ಏನೂ ಆಗಿಲ್ಲ. ಯಾವುದೂ ಸ್ಪಷ್ಟವಾಗದಿದ್ದರೆ ಮೋಟಾರಿನ ಎರಡು ತಂತಿಗಳನ್ನು ಫ್ಯಾನಿನ ಎಲೆಕ್ಟ್ರಾನಿಕ್ ಬೋರ್ಡಿನಿಂದ ಪೂರ್ತಿ ಕಳಚಿ, ಫ್ಯೂಸಿರುವ ತಂತಿಯಿಂದ ನೇರ ಬ್ಯಾಟರಿಗೆ ಕೊಡಿ. ಓಡಿದರೆ ಮೋಟಾರ್ ಬದುಕಿದೆ, ದೋಷ ಸ್ವಿಚ್ಚಿನದು ಅಥವಾ ಬೋರ್ಡಿನದು. ಕಳಚದೆ ಕೊಟ್ಟರೆ ಕರೆಂಟು ಬೋರ್ಡಿನ ಹಿಂಬಾಗಿಲಿನಿಂದ ನುಗ್ಗಿ ಅದನ್ನೂ ಸುಡಬಹುದು.

ಫ್ಯೂಸು ಪದೇಪದೇ ಹೋಗುತ್ತಿದ್ದರೆ ಮುಖ್ಯವಾಗಿ ಎರಡು ಸಾಧ್ಯತೆ: ರೆಕ್ಕೆ ಸಿಕ್ಕಿಬಿದ್ದು ಮೋಟಾರ್ ಮಿತಿಮೀರಿ ಎಳೆಯುತ್ತಿದೆ, ಅಥವಾ ತಂತಿಯ ಮೈಗೆ ಚಾವಣಿಯ ಯಾವುದೋ ತಿರುಪು ಚುಚ್ಚಿದೆ. ಕಂದು ಮಿಶ್ರಿತ ಬಣ್ಣದ 5 ಆಂಪಿಯರಿನ ಜಾಗಕ್ಕೆ ನೀಲಿಯ 15 ತುರುಕುವುದು, ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆ ಸುತ್ತುವುದು, ಇವೆರಡನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಫ್ಯೂಸು ಇರುವುದು ಫ್ಯಾನನ್ನು ಕಾಯಲಿಕ್ಕಲ್ಲ, ಗೋಡೆಯೊಳಗಿನ ತಂತಿಗೆ ಬೆಂಕಿ ಹತ್ತದಂತೆ ಕಾಯಲಿಕ್ಕೆ. ಕ್ಯಾರವಾನಿನ ಗೋಡೆ ಎಂದರೆ ಪ್ಲೈವುಡ್ಡು ಮತ್ತು ಥರ್ಮಾಕೋಲು.

ತಂತಿಯ ಬಣ್ಣದ ಮೋಸವನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ನಮ್ಮ ವಾಹನಗಳಲ್ಲಿ ಕಪ್ಪು ತಂತಿ ಎಂದರೆ ಮೈನಸ್ ಎಂದು ಕೈಗೆ ರೂಢಿಯಾಗಿದೆ. ಅಮೆರಿಕದ ಕ್ಯಾರವಾನುಗಳಲ್ಲಿ ಮತ್ತು ಅಲ್ಲಿಂದ ಬರುವ ಚಾವಣಿ ಫ್ಯಾನುಗಳಲ್ಲಿ ಸಾಮಾನ್ಯವಾಗಿ ಕಪ್ಪೇ ಪ್ಲಸ್, ಬಿಳಿ ಮೈನಸ್. ತಿರುಗಾಮುರುಗಾ ಜೋಡಿಸಿದರೆ ಸಾದಾ ಫ್ಯಾನು ಉಲ್ಟಾ ತಿರುಗಿ ಹೊರಗಿನ ಗಾಳಿಯನ್ನು ಒಳಗೆ ತಳ್ಳುತ್ತದೆ; ಎಲೆಕ್ಟ್ರಾನಿಕ್ ಬೋರ್ಡಿನ ಫ್ಯಾನು ಹೊಗೆ ಕಾರಬಹುದು. ಬಣ್ಣವನ್ನು ನಂಬಬೇಡಿ, ಮೀಟರಿನಲ್ಲಿ ಪ್ಲಸ್ಸು ಮೈನಸ್ಸು ನೋಡಿಕೊಳ್ಳಿ. ಇಂಥ ಕೆಲಸಕ್ಕೆ ಮೀಟರಿಗೆ ಹಸಿವಿಲ್ಲದಿದ್ದರೂ ನಡೆಯುತ್ತದೆ. ಅದರ ಕೆಂಪು ಕಡ್ಡಿ ಹಿಂದಿನ ಬಾರಿ ಕರೆಂಟು ಅಳೆದಾಗಿನ 10 ಆಂಪಿಯರಿನ ತೂತಿನಲ್ಲೇ ಉಳಿದಿಲ್ಲವಷ್ಟೇ? ಉಳಿದಿದ್ದರೆ ವೋಲ್ಟ್ ನೋಡಲು ಬ್ಯಾಟರಿಗೆ ತಾಗಿಸಿದ ಕ್ಷಣ ಅದು ಮೀಟರಲ್ಲ, ಬರಿಯ ಶಾರ್ಟ್ ಸರ್ಕ್ಯೂಟು.

ಮಾಜಾಳಿಯ ಫ್ಯಾನು ಮಧ್ಯಾಹ್ನದ ಊಟದ ಹೊತ್ತಿಗೆ ತಿರುಗಿತು. ಬ್ಯಾಟರಿಯಲ್ಲಿ 12.6, ಓಡುತ್ತಿರುವ ಫ್ಯಾನಿನ ಬುಡದಲ್ಲಿ 12.3. ಕೈತೊಳೆದು ಕೂತಿದ್ದೆವು, ಮೇಲಿನಿಂದ ಗುರ್ರೆಂದು ಸದ್ದಾಗಿ ಮುಚ್ಚಳ ತಾನಾಗಿ ಮುಚ್ಚಿಕೊಂಡಿತು. ಆಕಾಶದಲ್ಲಿ ಒಂದು ಮೋಡವಿಲ್ಲ. ಭಾವನ ಮುಖ ನೋಡುವಂತಿತ್ತು.

ಅದು ಮಳೆ ಸಂವೇದಕದ ಕಿತಾಪತಿ. ಕಿಂಡಿಯ ಅಂಚಿನಲ್ಲಿ ಬೆರಳುಗಳಂತೆ ಒಂದರೊಳಗೊಂದು ಹೆಣೆದ, ಒಂದಕ್ಕೊಂದು ತಾಗದ ಎರಡು ಲೋಹದ ಗೆರೆಗಳಿರುತ್ತವೆ. ಮಳೆಹನಿ ಬಿದ್ದು ಎರಡನ್ನೂ ಸೇರಿಸಿದಾಗ ಮಳೆ ಬಂತೆಂದು ತಿಳಿದು ಬೋರ್ಡು ಮುಚ್ಚಳ ಹಾಕುತ್ತದೆ. ಕಡಲ ಗಾಳಿ ಅದರ ಮೇಲೆ ಉಪ್ಪಿನ ತೆಳು ಪದರ ಬಳಿದಿತ್ತು. ಉಪ್ಪು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ತೇವ ಹಿಡಿದ ಉಪ್ಪಿನಲ್ಲಿ ಕರೆಂಟು ಹರಿಯುತ್ತದೆ. ಸಂವೇದಕದ ಲೆಕ್ಕದಲ್ಲಿ ಮಾಜಾಳಿಯಲ್ಲಿ ಆಗ ಜೋರು ಮಳೆ. ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಎರಡು ಸಲ ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿದ್ದಾಯಿತು. ಮುಚ್ಚಳ ಮತ್ತೆ ತೆರೆಯಿತು, ತೆರೆದೇ ಉಳಿಯಿತು.

ಹೊರಡುವ ಮುನ್ನ ಫ್ಯೂಸಿನ ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ಮಾರ್ಕರ್ ಪೆನ್ನಿನಿಂದ ಆ ದಿನದ ತಾರೀಖು ಬರೆದು ಪಕ್ಕದಲ್ಲಿ "ಬ್ಯಾಟರಿ 12.6, ಓಡುವ ಫ್ಯಾನು 12.3" ಎಂದು ಗೀಚಿದೆ. ಮಳೆಗಾಲ ಕಳೆದು ಅಕ್ಟೋಬರಿನಲ್ಲಿ ಭಾವ ಮತ್ತೆ ಅಳೆದು ಅದರ ಕೆಳಗೆ ಬರೆಯುತ್ತಾನೆ. ಎರಡನೆಯ ಅಂಕಿ 12ಕ್ಕಿಂತ ಕೆಳಗಿಳಿದಿದ್ದರೆ ಫ್ಯಾನು ನಿಲ್ಲುವವರೆಗೆ ಕಾಯದೆ ಫೋನ್ ಮಾಡು ಎಂದು ಹೇಳಿದ್ದೇನೆ. ಇಂಡಿಕೇಟರ್ ಬಲ್ಬನ್ನು ಅವನ ಬಳಿಯೇ ಬಿಟ್ಟು ಬಂದೆ.